ಚೀಟಿ ಹೇಳದ್ದನ್ನು ಮಾರುವವನೇ ಹೇಳಬೇಕು

ಕಳೆದ ವರ್ಷ ನಾನೂ ನನ್ನ ಮನೆಯವರೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ನಿವೃತ್ತ ಇಂಜಿನಿಯರ್‌ಗೆ ಅಲ್ಲಿ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಒಂದಿಷ್ಟು ನಿದ್ದೆ, ಸಂಜೆ ಮೊಮ್ಮಗನ ಜೊತೆ ಮಾತು. ಅವನಿಗೆ ಹದಿನೈದು ವರ್ಷ. ಅವನಿಂದ ನಾನೊಂದು ಹೊಸ ವ್ಯಾಪಾರದ ವಿಷಯ ತಿಳಿದುಕೊಂಡೆ. ನಮ್ಮ ಓದುಗರಲ್ಲಿ ಬಹಳ ಜನರಿಗೆ ಆ ವ್ಯಾಪಾರದ ಗಂಧವೇ ಇರಲಾರದು. ಆದರೆ ಅದರೊಳಗೆ ಎದ್ದ ಪ್ರಶ್ನೆ ಹೊಲ, ಮನೆ, ಎತ್ತು, ವಾಹನ ಏನನ್ನೇ ಮಾರಿದವರಿಗೂ ಎದುರಾಗುವಂಥದ್ದು. ನನಗಂತೂ ಅದು ಮುಖಕ್ಕೆ ಕನ್ನಡಿ ಹಿಡಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಸುತ್ತಿದ್ದೆವು. ನಮ್ಮ ಮಕ್ಕಳ ಕಾಲಕ್ಕೆ ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಅಮೆರಿಕದಲ್ಲಿ ಈ ಹವ್ಯಾಸ ನೂರು ವರ್ಷಕ್ಕೂ ಹಳೆಯದು. ಮೊದಲು ಸಿಗರೇಟು ಪೊಟ್ಟಣದೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರ ಇಡುತ್ತಿದ್ದರು. ಆಮೇಲೆ ಅದು ಬಬಲ್‌ಗಮ್‌ಗೆ ಬಂತು, ಆಮೇಲೆ ಕಾರ್ಡುಗಳನ್ನೇ ಮಾರುವ ಕಂಪನಿಗಳು ಹುಟ್ಟಿದವು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡುಗಳು ಶುರುವಾದವು. 1999ರಲ್ಲಿ ಅವು ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಬಂದವು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾಗದದ ತುಂಡು. ಅಂಥದ್ದೊಂದು ಬೇಸ್‌ಬಾಲ್ ಕಾರ್ಡು, 1952ರದ್ದು, 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತೆಂದು ಮೊಮ್ಮಗ ಹೇಳಿದಾಗ ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಇಷ್ಟು ಹಣ ಓಡಾಡುವ ಕಡೆ ಪರೀಕ್ಷಕರೂ ಹುಟ್ಟಬೇಕಲ್ಲ. ಅಲ್ಲಿ ಕಾರ್ಡುಗಳಿಗೆ ದರ್ಜೆ ಕೊಡುವ ಸಂಸ್ಥೆಗಳಿವೆ. ನೀವು ಕಾರ್ಡು ಕಳಿಸಿ ಶುಲ್ಕ ಕಟ್ಟುತ್ತೀರಿ. ಅವರು ಭೂತಗನ್ನಡಿ ಹಿಡಿದು ನಾಲ್ಕು ಸಂಗತಿ ನೋಡುತ್ತಾರೆ. ಚಿತ್ರ ನಡುಮಧ್ಯ ಅಚ್ಚಾಗಿದೆಯೇ, ನಾಲ್ಕು ಮೂಲೆ ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೇಲ್ಮೈ ಮೇಲೆ ಗೀರು, ಕಲೆ, ಮಡಿಕೆ ಇದೆಯೇ. ನೋಡಿ 1ರಿಂದ 10ರವರೆಗೆ ಒಂದು ಅಂಕ ಕೊಟ್ಟು, ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ ಕವಚದೊಳಗಿಟ್ಟು, ತೆರೆಯಲು ಬಾರದಂತೆ ಬೆಸೆದು, ಮೇಲೆ ಅಂಕ ಮತ್ತು ಕ್ರಮಸಂಖ್ಯೆ ಇರುವ ಚೀಟಿ ಹಾಕಿ ಕಳಿಸುತ್ತಾರೆ. ಆ ಕವಚಕ್ಕೆ ಅವರು 'ಸ್ಲ್ಯಾಬ್' ಎನ್ನುತ್ತಾರೆ. ಮೂವತ್ತು ವರ್ಷ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿದ ನನಗೆ ನಗು ಬಂತು. ಆದರೆ ವ್ಯವಸ್ಥೆ ಒಳ್ಳೆಯದೇ. ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವನು ನೋಡಿ ಹೇಳುತ್ತಾನೆ. ಮುಖ ನೋಡದವರ ನಡುವೆ ವ್ಯಾಪಾರ ನಡೆಯಬೇಕಾದರೆ ಇದು ಬೇಕು.

ಒಂದು ಸಂಜೆ ಮೊಮ್ಮಗ ತನ್ನ ಒಂದು ಕಾರ್ಡನ್ನು ಮಾರಲು ಕುಳಿತಿದ್ದ. 1999ರ ಪೋಕೆಮಾನ್ ಕಾರ್ಡು. ದರ್ಜೆ 9. ಬೆಲೆ ಸುಮಾರು 400 ಡಾಲರ್, ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೇಲೆ. ನಾನು ಕನ್ನಡಕ ಹಾಕಿಕೊಂಡು ಅದನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದು ಓರೆಮಾಡಿ ನೋಡಿದೆ. ಗಾರೆ ಗೋಡೆಯ ಏರುತಗ್ಗು ನೋಡುವಾಗ ದೀಪವನ್ನು ಪಕ್ಕದಿಂದ ಹಿಡಿಯುವುದು ನಮ್ಮ ಹಳೆಯ ಅಭ್ಯಾಸ. ಹಿಂಬದಿಯ ಕೆಳ ಅಂಚಿನ ಬಳಿ ಉಗುರು ಒತ್ತಿದಂಥ ಒಂದು ಸಣ್ಣ ತಗ್ಗು ಕಂಡಿತು. ನೇರ ನೋಡಿದರೆ ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

"ಇದೇನೋ ಇದು?" ಎಂದೆ.

"ಗೊತ್ತು ಅಜ್ಜ. ಗ್ರೇಡ್ ಕೊಟ್ಟವರು ಮಿಸ್ ಮಾಡಿದಾರೆ. ನೋಡಿದ್ದರೆ 7 ಕೊಡ್ತಿದ್ದರೋ ಏನೋ. ನನ್ನ ಲಕ್."

"ಕೊಳ್ಳುವವರಿಗೆ ಹೇಳ್ತೀಯಾ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಯಾಕೆ ಹೇಳ್ಬೇಕು? ನೋಡಿದವರು ಎಕ್ಸ್‌ಪರ್ಟ್ಸ್. ಅವರೇ 9 ಅಂದಿದಾರೆ. ನಾನು ಮಾರ್ತಾ ಇರೋದು 9. ನಾನು ಸುಳ್ಳು ಹೇಳ್ತಿಲ್ಲವಲ್ಲ."

ನಾನು ಹಿರಿಯನ ಗತ್ತಿನಲ್ಲಿ ಹೇಳಿದೆ, "ಹೇಳಬೇಕಪ್ಪ. ನಿನಗೆ ಗೊತ್ತಿದೆಯಲ್ಲ, ಹೇಳಬೇಕು."

ಅವನು ಸುಮ್ಮನೆ ಕೇಳಿದ, "ನೀನು ಏನಾದ್ರೂ ಮಾರಿದಾಗ ಎಲ್ಲಾ ಹೇಳಿದೀಯಾ ಅಜ್ಜ?"

"ಹೂಂ" ಎಂದೆ. ತಡಮಾಡದೆ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ಹುಡುಗನ ವಾದವನ್ನು ನ್ಯಾಯವಾಗಿ ತೂಗೋಣ.

ಅವನ ಮಾತಿನಲ್ಲಿ ಸತ್ಯಾಂಶವಿದೆ. ದರ್ಜೆಯ ಅಂಕವೇ ಎಷ್ಟೋ ದೋಷಗಳನ್ನು ಹೇಳಿಬಿಡುತ್ತದೆ. 5ರ ಕಾರ್ಡು ಮಾರುವವನು ಮೂಲೆ ಸವೆದಿದೆ, ಅಂಚು ಮಾಸಿದೆ ಎಂದು ಪುಟಗಟ್ಟಲೆ ಬರೆಯಬೇಕಾಗಿಲ್ಲ. 5 ಎಂದರೇ ಅದು. ಕೊಳ್ಳುವವನೂ ಅದನ್ನು ಲೆಕ್ಕ ಹಾಕಿಯೇ ಬೆಲೆ ಕಟ್ಟುತ್ತಾನೆ. ಆದರೆ 9 ಎಂದರೆ ಹೆಚ್ಚೆಂದರೆ ಒಂದು ತೀರಾ ಸಣ್ಣ ಕೊರತೆ ಮಾತ್ರ ಎಂದು ಕೊಳ್ಳುವವನು ನಂಬುತ್ತಾನೆ. ಒತ್ತಿದ ತಗ್ಗು ಆ ಲೆಕ್ಕದಲ್ಲಿ ಇಲ್ಲ. ಅಂದರೆ ಇಲ್ಲಿ ಅಂಕವು ದೋಷವನ್ನು ಹೇಳುತ್ತಿಲ್ಲ, ಮುಚ್ಚುತ್ತಿದೆ. ದೂರದ ಊರಿನಲ್ಲಿ ಕುಳಿತು ಫೋಟೋ ನೋಡುವವನು ಆ ಫೋಟೋವನ್ನು ಲ್ಯಾಂಪಿನ ಕೆಳಗೆ ಓರೆಮಾಡಿ ನೋಡಲಾರ. ನೋಡಿದವನು ಮಾರುವವನೊಬ್ಬನೇ.

ಹಾಗಾದರೆ ಯಾವುದನ್ನು ಹೇಳಬೇಕು? ಮೊಮ್ಮಗನ ಜೊತೆ ಕುಳಿತು ನಾನು ಒಂದು ಪಟ್ಟಿ ಮಾಡಿದೆ. ಮೊದಲನೆಯದು, ಪರೀಕ್ಷಕರ ಕಣ್ಣು ತಪ್ಪಿದ್ದು, ಆದರೆ ನಮ್ಮ ಕಣ್ಣಿಗೆ ಬಿದ್ದದ್ದು. ಎರಡನೆಯದು, ದರ್ಜೆ ಕೊಟ್ಟ ನಂತರ ಆದದ್ದು. ಕವಚ ಬಿರುಕು ಬಿಟ್ಟಿರಬಹುದು, ಬಿಸಿಲಿಗೆ ಬಣ್ಣ ಮಾಸಿರಬಹುದು, ತೇವಕ್ಕೆ ಕಾರ್ಡು ಬಾಗಿರಬಹುದು. ಚೀಟಿಯ ಮೇಲಿನ ಅಂಕ ಅಂದಿನದು, ಮಾರಾಟ ಇಂದಿನದು. ಮೂರನೆಯದು, ಕಾರ್ಡಿನ ಹಿಂದಿನ ಕಥೆ. ಅಂಚು ಕತ್ತರಿಸಿ ನೇರ ಮಾಡಿದ್ದು, ಮಡಿಕೆಯನ್ನು ಒತ್ತಿ ಸರಿಮಾಡಿದ್ದು, ಕಲೆ ಒರೆಸಿದ್ದು. ನಾಲ್ಕನೆಯದು, ಅಂಕಕ್ಕಾಗಿ ಮಾಡಿದ ಪ್ರಯತ್ನ. ಅಲ್ಲಿ ಕೆಲವರು 8 ಬಂದ ಕಾರ್ಡನ್ನು ಕವಚ ಒಡೆದು ತೆಗೆದು ಮತ್ತೆ ಕಳಿಸುತ್ತಾರೆ, ಬೇರೆ ಪರೀಕ್ಷಕರ ಕೈಗೆ ಬಿದ್ದು 9 ಬಂದೀತೆಂದು. ಎರಡು ಸಲ 8 ಬಂದು ಮೂರನೇ ಸಲ 9 ಬಂದರೆ ಆ ಕಾರ್ಡು 9 ಎನ್ನುವುದು ಎಷ್ಟು ನಿಜ? ಇದು ತಪ್ಪೇ ಅಲ್ಲ ಎನ್ನುವವರೂ ಇದ್ದಾರೆ. ಪರೀಕ್ಷಕರೂ ಮನುಷ್ಯರೇ, ಮೊದಲ ಸಲವೇ ತಪ್ಪಿರಬಹುದು ಎನ್ನುತ್ತಾರೆ. ಇರಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವನು ಹಣ ಕೊಡುವವನು. ಅವನಿಗೆ ಮೂರು ಅಂಕಗಳೂ ಗೊತ್ತಿರಲಿ.

ಮೌನ ಎಷ್ಟು ದೂರ ಸಾಗಬಲ್ಲದು ಎನ್ನುವುದಕ್ಕೆ ಆ ವ್ಯಾಪಾರದಲ್ಲೇ ದೊಡ್ಡ ಉದಾಹರಣೆಯಿದೆ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪೊಟ್ಟಣಗಳಲ್ಲಿ ಹಂಚಿದ ಮಾಲೆಯದು. ವ್ಯಾಗ್ನರ್‌ನ ಕಾರ್ಡಿನ ಅಚ್ಚು ಬೇಗನೆ ನಿಂತಿತು. ತಂಬಾಕಿನ ಜೊತೆ ತನ್ನ ಮುಖ ಮಕ್ಕಳ ಕೈಗೆ ಹೋಗುವುದು ಅವನಿಗೆ ಬೇಡವಾಗಿತ್ತು ಎಂದು ಕೆಲವರು, ಹಣದ ಮಾತು ಕುದುರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹೇಗೂ ಉಳಿದವು ಕೆಲವೇ. ಅದರಲ್ಲಿ ಒಂದು ಮಾತ್ರ ಆಶ್ಚರ್ಯವಾಗುವಷ್ಟು ಅಚ್ಚುಕಟ್ಟಾಗಿತ್ತು. ಬಿಲ್ ಮ್ಯಾಸ್ಟ್ರೋ ಎಂಬ ವ್ಯಾಪಾರಿ ಅದನ್ನು 1980ರ ದಶಕದ ಮಧ್ಯದಲ್ಲಿ 25,000 ಡಾಲರ್‌ಗೆ ಕೊಂಡು, 1987ರಲ್ಲಿ 1,10,000 ಡಾಲರ್‌ಗೆ ಮಾರಿದ. 1991ರಲ್ಲಿ ಸದಬೀಸ್ ಹರಾಜಿನಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ಪಾಲುದಾರ 4,51,000 ಡಾಲರ್‌ಗೆ ಕೊಂಡರು. ಅದೇ ವರ್ಷ ಹುಟ್ಟಿದ ಪಿಎಸ್‌ಎ ಎಂಬ ದರ್ಜೆ ಸಂಸ್ಥೆಯ ಮೊಟ್ಟಮೊದಲ ಕ್ರಮಸಂಖ್ಯೆ ಸಿಕ್ಕಿದ್ದು ಇದೇ ಕಾರ್ಡಿಗೆ. ಸಿಕ್ಕ ಅಂಕ 8.

ಆಮೇಲೆ ಅದು ಕೈಯಿಂದ ಕೈಗೆ ಹೋಯಿತು. ನಡುವೆ ಒಮ್ಮೆ ಬಹುಮಾನದ ರೂಪದಲ್ಲಿ ಫ್ಲಾರಿಡಾದ ಅಂಚೆ ನೌಕರಿಯ ಹೆಣ್ಣುಮಗಳೊಬ್ಬರಿಗೆ ಬಂತು. ತೆರಿಗೆ ಕಟ್ಟಲಾಗದೆ ಅವರೂ ಮಾರಿದರು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರ್. ಅಂಚು ಕತ್ತರಿಸಿದ ಕಾರ್ಡು ಇದು ಎಂಬ ಗುಸುಗುಸು ಮೊದಲಿಂದ ಇತ್ತು. ಆದರೆ ಚೀಟಿ 8 ಎನ್ನುತ್ತಿತ್ತು, ಚೀಟಿಯ ಮುಂದೆ ಗುಸುಗುಸು ನಿಲ್ಲಲಿಲ್ಲ. ಕೊನೆಗೆ 2013ರಲ್ಲಿ, ತನ್ನ ಹರಾಜು ಸಂಸ್ಥೆಯ ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಆ ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ ಎಂದು ಮ್ಯಾಸ್ಟ್ರೋ ಒಪ್ಪಿಕೊಂಡ. ಹರಾಜಿನಲ್ಲಿ ಸುಳ್ಳು ಕೂಗು ಕೂಗಿಸಿ ಬೆಲೆ ಏರಿಸಿದ ಆ ವಂಚನೆಗೆ 2015ರಲ್ಲಿ ಅವನಿಗೆ 20 ತಿಂಗಳ ಜೈಲಾಯಿತು. ಅಂಚು ಕತ್ತರಿಸಿದ ಕಾರ್ಡಿಗೆ ಪದ್ಧತಿಯಂತೆ ಅಂಕವೇ ಕೊಡಬಾರದು. ಚೀಟಿ ಸಿಕ್ಕಿದ್ದು 1991ರಲ್ಲಿ, ಒಪ್ಪಿಕೊಂಡದ್ದು 2013ರಲ್ಲಿ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವನಿಗೆ ಸತ್ಯ ಗೊತ್ತಿತ್ತು. ಪರೀಕ್ಷಕರು ತಪ್ಪಿದರು ನಿಜ. ಆದರೆ ತಪ್ಪನ್ನು ತಿದ್ದಬಲ್ಲವನು ಒಬ್ಬನಿದ್ದ, ಅವನು ಬಾಯಿ ಬಿಡಲಿಲ್ಲ.

ಇಂಜಿನಿಯರ್ ಆಗಿ ನಾನು ಇದನ್ನು ಬೇರೆ ರೂಪದಲ್ಲಿ ಕಂಡಿದ್ದೇನೆ. ಸಿಮೆಂಟ್ ಚೀಲದ ಮೇಲೆ ಐಎಸ್‌ಐ ಗುರುತು ಇರುತ್ತದೆ. ಆ ಗುರುತು ಸುಳ್ಳಲ್ಲ. ಆದರೆ ಚೀಲ ಮೂರು ತಿಂಗಳಿಗಿಂತ ಹೆಚ್ಚು ಗೋದಾಮಿನಲ್ಲಿ ಕೂತಿದ್ದರೆ ಮತ್ತೆ ಪರೀಕ್ಷೆ ಮಾಡದೆ ಬಳಸಬಾರದು ಎಂಬುದು ನಮ್ಮ ನಿಯಮ. ಗೋದಾಮಿನ ಸೂರು ಸೋರಿದ್ದು ಗುರುತಿಗೆ ಗೊತ್ತಿಲ್ಲ, ಗೋದಾಮಿನವನಿಗೆ ಗೊತ್ತು. ಕಾಂಕ್ರೀಟಿನ 150 ಮಿಲಿಮೀಟರ್ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು ಒಡೆದು ಪ್ರಮಾಣಪತ್ರ ಕೊಡುತ್ತೇವೆ. ಪತ್ರ ಆ ಕ್ಯೂಬಿಗೆ ಸಂಬಂಧಿಸಿದ್ದು. ಪಕ್ಕದ ಕಂಬಕ್ಕೆ ಅಂದು ಮೇಸ್ತ್ರಿ ನೀರು ಹೆಚ್ಚು ಸುರಿದದ್ದನ್ನು ಕಣ್ಣಾರೆ ಕಂಡ ಇಂಜಿನಿಯರ್ ಪತ್ರ ತೋರಿಸಿ ಕೈ ತೊಳೆದುಕೊಂಡರೆ, ಪತ್ರವೂ ನಿಜ, ಅವನ ಅಪರಾಧವೂ ನಿಜ.

ಕಾಯ್ದೆ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ನಮ್ಮ ದೇಶದ ಕಾಯ್ದೆಯನ್ನೇ ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಎಂದರೇನೆಂದು ಹೇಳುತ್ತದೆ. ಗೊತ್ತಿದ್ದ ಸಂಗತಿಯನ್ನು ಪ್ರಯತ್ನಪಟ್ಟು ಮುಚ್ಚಿಟ್ಟರೆ ವಂಚನೆ. ಆದರೆ ಬರೀ ಮೌನ, ಸಾಮಾನ್ಯವಾಗಿ, ವಂಚನೆಯಲ್ಲ. ಅದಕ್ಕೆ ಕಾಯ್ದೆಯೇ ಕುದುರೆಯ ಉದಾಹರಣೆ ಕೊಡುತ್ತದೆ. ಒಬ್ಬ ತನ್ನ ಕುದುರೆಗೆ ರೋಗವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳೇ, ಆಗಷ್ಟೇ ವಯಸ್ಸಿಗೆ ಬಂದವಳು ಎಂದಾದರೆ, ಹೇಳುವುದು ಅವನ ಕರ್ತವ್ಯ. "ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ" ಎಂದು ಕೊಳ್ಳುವವನು ಹೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮ.

ಇನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಅದು ಹೊಲ, ಮನೆಗಳ ಮಾತು. ಅಲ್ಲಿ ಕಾಯ್ದೆ ಇನ್ನೂ ಬಿಗಿಯಾಗಿದೆ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು. ತಿಳಿಸದಿದ್ದರೆ ಅದು ಮೋಸ. ಕುದುರೆಗೊಂದು, ಹೊಲಕ್ಕೊಂದು ನ್ಯಾಯ. ನನ್ನ ಮಟ್ಟಿಗೆ ಹೊಲದ ನ್ಯಾಯವೇ ಎಲ್ಲ ಮಾರಾಟಕ್ಕೂ ಸರಿಯಾದ ಅಳತೆ. ಕಾರ್ಡಾಗಲಿ, ಕಾರಾಗಲಿ, ಮೂರು ಪ್ರಶ್ನೆ ಸಾಕು. ನನಗೆ ಗೊತ್ತಿದೆಯೇ? ಅವನಿಗೆ ಗೊತ್ತಿಲ್ಲವೇ? ಅವನಾಗಿ ನೋಡಿದರೆ ಕಾಣದೇ? ಮೂರಕ್ಕೂ ಹೌದು ಎಂದಾದರೆ ಬಾಯಿ ಬಿಡಬೇಕು.

ಈಗ ನಿದ್ದೆ ಬಾರದ ರಾತ್ರಿಯ ವಿಷಯ.

2006ರ ನವೆಂಬರಿನಲ್ಲಿ ನಾನು ನಮ್ಮೂರಿನ ಎರಡು ಎಕರೆ ಪಿತ್ರಾರ್ಜಿತ ಹೊಲ ಮಾರಿದೆ. ಹೊಲದಲ್ಲಿ ಒಂದು ಕೊಳವೆಬಾವಿ. ಮಳೆಗಾಲ ಮುಗಿದ ಹೊಸತು, ಅಂತರ್ಜಲ ಮೇಲಿತ್ತು. ಇಳುವರಿ ಪರೀಕ್ಷೆ ಮಾಡಿಸಿದೆ. ವಿ ಆಕಾರದ ಕಚ್ಚಿರುವ ತಗಡಿನ ಪೆಟ್ಟಿಗೆಯಲ್ಲಿ ನೀರು ಹರಿಸಿ ಅಳೆಯುತ್ತಾರೆ; ನಮ್ಮ ರೈತರು 'ಎರಡು ಇಂಚು ನೀರು', 'ಮೂರು ಇಂಚು ನೀರು' ಎನ್ನುವುದು ಅದನ್ನೇ. ನನ್ನದು ಎರಡು ಇಂಚು ಬಂತು. ಕಾಗದ ಸಿಕ್ಕಿತು. ಆದರೆ ಮಾರ್ಚ್ ಕಳೆದರೆ ಅದೇ ಬಾವಿ ಒಂದು ಇಂಚಿಗೆ ಇಳಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಒಂದಾದರೆ ನೀರು ಅರ್ಧವಾಯಿತು ಎಂದು ತಿಳಿಯಬೇಡಿ. ಕಚ್ಚು ವಿ ಆಕಾರದ್ದಾದ್ದರಿಂದ ಎತ್ತರ ಅರ್ಧವಾದರೆ ಹರಿವು ಐದೂವರೆ ಪಟ್ಟಿಗೂ ಹೆಚ್ಚು ಕಡಿಮೆಯಾಗುತ್ತದೆ. ಈ ಲೆಕ್ಕ ಕೊಳ್ಳುವವನಿಗೆ ಗೊತ್ತಿರಲಿಲ್ಲ. ನನಗೆ ಸರ್ಕಾರ ಸಂಬಳ ಕೊಡುತ್ತಿದ್ದದ್ದೇ ಇಂಥ ಲೆಕ್ಕಕ್ಕೆ.

ಕೊಂಡವನು ಪಕ್ಕದೂರಿನ ಯುವಕ. "ನೀರು ಹೆಂಗೈತ್ರಿ ಸಾಹೇಬ್ರೆ?" ಎಂದು ಕೇಳಿದ. ನಾನು ಕಾಗದ ಕೈಗಿಟ್ಟು, "ಇದ್ರಾಗೆ ಐತೆ ನೋಡಪ್ಪ" ಎಂದೆ. ಅಷ್ಟೇ. ಒಂದು ಅಕ್ಷರವೂ ಸುಳ್ಳಲ್ಲ. ಅವನು ಅಡಿಕೆ ಸಸಿ ಹಾಕಿದ. ಎರಡನೇ ಬೇಸಿಗೆಗೆ ಟ್ಯಾಂಕರ್ ನೀರು ತರಿಸಿದನೆಂದೂ ಅರ್ಧಕ್ಕರ್ಧ ಸಸಿ ಒಣಗಿದವೆಂದೂ ಊರವರಿಂದ ಕೇಳಿದೆ. ಕೇಳಿ ಸುಮ್ಮನಾದೆ. ಒಂದು ಮದುವೆಯಲ್ಲಿ ಎದುರಾದಾಗ ಅವನು ನಮಸ್ಕಾರ ಮಾಡಿದ. ನಾನು ಊಟದ ಸಾಲಿನಲ್ಲಿ ಬೇರೆ ಕಡೆ ಕೂತೆ.

ಮೊಮ್ಮಗನ ತಗ್ಗು ಬಿದ್ದ ಕಾರ್ಡಿಗೂ ನನ್ನ ಬಾವಿಗೂ ಏನು ವ್ಯತ್ಯಾಸ? ಅವನಿಗೆ ಹದಿನೈದು, ನನಗೆ ಅಂದು ಐವತ್ತರ ಹತ್ತಿರ. ಅದೊಂದೇ. ಮರುದಿನ ಅವನನ್ನು ಕೂರಿಸಿಕೊಂಡು ಇದೆಲ್ಲ ಹೇಳಿದೆ. ನಿನ್ನೆ ನಾನು 'ಹೂಂ' ಎಂದದ್ದು ಸುಳ್ಳು ಎಂದೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಓರೆ ಬೆಳಕಿನಲ್ಲಿ ತಗ್ಗು ಕಾಣುವಂತೆ ಫೋಟೋ ತೆಗೆದು, ಅದರ ಕೆಳಗೆ ಎರಡು ಸಾಲು ವಿವರ ಬರೆದು ಮಾರಾಟಕ್ಕಿಟ್ಟ. 310 ಡಾಲರ್‌ಗೆ ಹೋಯಿತು. ಸತ್ಯ ಹೇಳಿದ್ದಕ್ಕೆ ಲಾಭವಾಯಿತು ಎಂದು ಬರೆಯಲು ನನಗೆ ಇಷ್ಟವೇ. ಆದರೆ ಆಗಲಿಲ್ಲ. 90 ಡಾಲರ್ ನಷ್ಟವೇ ಆಯಿತು. ಅಥವಾ ಅವನದಲ್ಲದ 90 ಡಾಲರ್ ಅವನ ಕೈಗೆ ಬರಲಿಲ್ಲ. ಹೇಗೆ ಬೇಕಾದರೂ ಲೆಕ್ಕ ಬರೆಯಬಹುದು.

ಊರಿಗೆ ಬಂದ ಮೇಲೆ ನಾನು ಆ ರೈತನ ಮನೆಗೆ ಹೋದೆ. ಈಗ ಅವನಿಗೆ ತಲೆ ನರೆತಿದೆ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟ. ನಾನು ಹೇಳಬೇಕಾದ್ದನ್ನು ಹೇಳಿದೆ.

"ಗೊತ್ತೈತೆ ಬಿಡ್ರಿ ಸಾಹೇಬ್ರೆ" ಎಂದ. "ಮೊದ್ಲ ಬೇಸಿಗ್ಯಾಗೇ ಗೊತ್ತಾತು."

"ಮತ್ತೆ ಬಂದು ಕೇಳಬಹುದಿತ್ತಲ್ಲ?"

"ಏನಂತ ಕೇಳ್ಲಿ? ಕಾಗದ ಸುಳ್ಳಲ್ಲಲ್ರೀ."

ಮೊಮ್ಮಗನ ವಾದವನ್ನೇ ಮೋಸಹೋದವನ ಬಾಯಲ್ಲಿ ಕೇಳಿದಂತಾಯಿತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಕೊಡಲಾರದು. ಅವನ ಟ್ಯಾಂಕರ್ ಖರ್ಚಿನಲ್ಲಿ ನನ್ನ ಪಾಲು ಎಂದು ಒಂದಿಷ್ಟು ಹಣ ಕೊಟ್ಟೆ. ಮೊದಲು ಬೇಡವೆಂದ, ಅವನ ಹೆಂಡತಿ ತೆಗೆದುಕೊಳ್ಳಿ ಎಂದಳು. ಎಷ್ಟು ಎಂದು ಬರೆಯುವುದಿಲ್ಲ. ಬರೆದರೆ ಅದೂ ನನಗೆ ನಾನೇ ಕೊಟ್ಟುಕೊಂಡ ಒಂದು ಪ್ರಮಾಣಪತ್ರವಾಗುತ್ತದೆ.

ಬಂಧುಗಳೇ, ನಾವು ನಡೆ-ನುಡಿ ಒಂದಾಗಿರಬೇಕು ಎಂದು ವೇದಿಕೆಗಳಲ್ಲಿ ಮಾತಾಡುವವರು. ಸುಳ್ಳು ಹೇಳಬಾರದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ನಾವು ಜಾರುವುದು ಬೇರೆ ಕಡೆ. ನಿಜವಾದ ಕಾಗದವೊಂದನ್ನು ಮುಂದಿಟ್ಟು ಅದರ ಹಿಂದೆ ಕೂರುವ ಕಡೆ. ಮನೆ ಮಾರುವಾಗ ಸೋರುವ ಗೋಡೆಗೆ ಬಣ್ಣ ಹೊಡೆಸುತ್ತೇವೆ. ಗಾಡಿ ಮಾರುವಾಗ ಅಪಘಾತದ ಮಾತೆತ್ತದೆ ಎಫ್‌ಸಿ ತೋರಿಸುತ್ತೇವೆ. ಸಂಬಂಧ ನೋಡುವಾಗ ಹುಡುಗನ ಅಂಕಪಟ್ಟಿ ಕೊಟ್ಟು ಕುಡಿತದ ವಿಷಯ ಬಿಡುತ್ತೇವೆ. ಚೀಟಿ ಕೊಟ್ಟವನು ತನಗೆ ಕಂಡದ್ದನ್ನು ಹೇಳಿರುತ್ತಾನೆ. ಅವನ ಕೆಲಸ ಮುಗಿಯಿತು. ಅವನಿಗೆ ಕಾಣದೆ ನಮಗೆ ಕಂಡದ್ದು ನಮ್ಮ ಪಾಲಿನ ಕೆಲಸ.

ಮುಂದಿನ ಸಲ ನೀವು ಏನಾದರೂ ಮಾರುವಾಗ, ಕೊಳ್ಳುವವನು "ಹೆಂಗೈತ್ರಿ?" ಎಂದು ಕೇಳಿದರೆ, ದಯವಿಟ್ಟು ಕಾಗದ ಕೈಗಿಡುವ ಮುನ್ನ ಬಾಯಿ ತೆರೆಯಿರಿ. ಕೇಳದಿದ್ದರೂ ತೆರೆಯಿರಿ. ನಾನು ಹತ್ತೊಂಬತ್ತು ವರ್ಷ ತಡವಾಗಿ ತೆರೆದೆ. ಅಷ್ಟರಲ್ಲಿ ಸಸಿಗಳು ಒಣಗಿ ಹೋಗಿದ್ದವು.